ಗೆರೆರಾಯರ ಎರಡು ಕಣ್ಣು

ಉಪಗ್ರಹ ಕಳಿಸಿದ ಚಿತ್ರ ನೋಡಿ, ಧ್ರುವದ ಕಡಲಿನ ಮಂಜುಗಡ್ಡೆ ಎಲ್ಲಿಗೆ ಮುಗಿಯುತ್ತದೆಂದು ದಿನಾ ಗೆರೆ ಎಳೆಯುವವರು ನಮ್ಮ ಗೆರೆರಾಯರು. ಮೂವತ್ತು ವರ್ಷದಲ್ಲಿ ಒಂದು ಗೆರೆಯೂ ತಪ್ಪಿಲ್ಲ. ಮಗಳ ಮದುವೆಯ ದಿನವೂ ಹೊಸ ಬಟ್ಟೆಯಲ್ಲೇ ಓಡಿಬಂದು ಎಳೆದು, ಊಟದ ಹೊತ್ತಿಗೆ ಹಾಜರಾದರು. ಹೊಸ ಉಪಗ್ರಹ ಹಾರಿತೆಂದರೆ ಸಾಕು, ಮೇಲಧಿಕಾರಿಯ ಮೇಜು ಗುದ್ದುತ್ತಾರೆ: “ಹಳೇದನ್ನ ಈಗಲೇ ನಿಲ್ಲಿಸಬೇಡಿ ಸ್ವಾಮಿ. ಅತ್ತೆ ಸೊಸೆ ಒಂದು ವರ್ಷ ಒಂದೇ ಒಲೆ ಮುಂದೆ ನಿಲ್ಲದೆ ಉಪ್ಪಿನ ಅಳತೆ ಒಂದಾಗುತ್ತಾ? ಆಮೇಲೆ ಕಮ್ಮಿಯಾಗಿದ್ದು ಮಂಜುಗಡ್ಡೆಯೋ, ಬದಲಾಗಿದ್ದು ಯಂತ್ರವೋ, ಯಾರನ್ನ ಕೇಳ್ತೀರಿ?” ಅಧಿಕಾರಿ ಒಪ್ಪುವ ತನಕ ರಾಯರು ಕುರ್ಚಿ ಬಿಟ್ಟು ಏಳುವ ಪೈಕಿಯಲ್ಲ. ಹೋದ ವರ್ಷ ರಾಯರ ಎರಡೂ ಕಣ್ಣಿಗೆ ಪೊರೆ ಬಂತು. ಒಂದಕ್ಕೆ ಆಪರೇಷನ್ ಆಯಿತು. ಇನ್ನೊಂದಕ್ಕೆ ಹೋಗಲೇ ಇಲ್ಲ. “ತಡ ಮಾಡಿದ್ರೆ ಆ ಕಣ್ಣು ಹೋಗುತ್ತೆ ಅಂದಿದ್ದಾರೆ ಡಾಕ್ಟರು, ಏನು ಹಠ ನಿಮ್ಮದು?” ಎನ್ನುತ್ತ ಹೆಂಡತಿ ಕಚೇರಿಗೇ ಬಂದರು. ರಾಯರು ಅಂಗೈಯಿಂದ ಆಪರೇಷನ್ ಆದ ಹೊಸ ಕಣ್ಣು ಮುಚ್ಚಿ ಗೆರೆ ಎಳೆದರು. ಹಳೇ ಕಣ್ಣು ಮುಚ್ಚಿ ಇನ್ನೊಮ್ಮೆ ಎಳೆದು, ಎರಡರ ಅಂತರ ಬರೆದುಕೊಂಡರು. “ವರ್ಷ ತುಂಬೋಕೆ ಇನ್ನೊಂದೇ ತಿಂಗಳು ಕಣೇ. ಈ ವ್ಯತ್ಯಾಸ ಬರೆದಿಡದೆ ಹೋದರೆ ಮುಂದೆ ಬರೋರಿಗೆ ಮೋಸ.” ಹೆಂಡತಿ ಪಕ್ಕದ ಕುರ್ಚಿ ಎಳೆದು ಕೂತು, ತಮ್ಮ ಅಂಗೈಯನ್ನೇ ಅವರ ಕಣ್ಣಿಗೆ ಅಡ್ಡ ಹಿಡಿದರು. “ನಾನು ಮುಚ್ಚಿರ್ತೀನಿ, ನೀವು ಎಳೀರಿ.”