ತಂಗಿ ಕೂತು ತೆಗೆಸಿದ ಅಕ್ಕನ ಫೋಟೋ

ರಾಣೇಬೆನ್ನೂರಿನ ಬಸ್‌ಸ್ಟ್ಯಾಂಡ್ ಹಿಂದಿದ್ದ ಸ್ಟುಡಿಯೋದ ಕತ್ತಲೆ ಕೋಣೆ ಕಟ್ಟಿದವನು ನಾನು. ಐದನೇ ಇಯತ್ತೆಗೆ ಶಾಲೆ ಬಿಟ್ಟು ಗೌಂಡಿ ಕೆಲಸ ಹಿಡಿದವನು. ಬೆಳಕಿನ ಒಂದೆಳೆ ನುಗ್ಗಿದರೂ ಫಿಲ್ಮು ಹಾಳು ಎಂದು ಮಾಲಕರು ಹೇಳಿದ್ದರಿಂದ ಸಂದು ಬಿಡದೆ ಗಾರೆ ಮೆತ್ತಿ ಗಿಲಾಯಿ ಮಾಡಿದ್ದೆ. ಆ ಗೋಡೆ ಒಮ್ಮೆಯೂ ಬಿರುಕು ಬಿಡಲಿಲ್ಲ. ಇಷ್ಟಾದರೂ ನಮ್ಮ ಮನೆಯವರ ಫೋಟೋ ಅಲ್ಲಿ ತೆಗೆಸಿರಲಿಲ್ಲ. ಎಂಬತ್ತರ ದಶಕದಲ್ಲಿ ನಮ್ಮ ಓಣಿಯಲ್ಲಿ ಫೋಟೋ ಎಂದರೆ ಮುಪ್ಪಾದವರು ಮುಂದೆ ಗೋಡೆಗೆ ಬೇಕಾದೀತೆಂದು ತೆಗೆಸಿಡುವ ವಸ್ತು. ಹರೆಯದವರಿಗೆ ಅದರ ಅವಸರ ಇರಲಿಲ್ಲ.

ನನ್ನ ಹೆಂಡತಿ ಕಾಮಾಲೆಯಾಗಿ ತೀರಿಕೊಂಡಾಗ ಮಗಳಿನ್ನೂ ಎದೆಹಾಲು ಬಿಟ್ಟಿರಲಿಲ್ಲ. ತಾಯಿಯ ಮುಖ ಅವಳಿಗೆ ಗೊತ್ತಿರಬೇಕು ಎಂಬ ಹಟ ನನ್ನನ್ನು ಹಿಡಿಯಿತು. ಸ್ಟುಡಿಯೋಕ್ಕೆ ಹೋಗಿ ಹೆಂಡತಿಯ ಮೂಗು, ಹಣೆ ಹೇಗಿದ್ದವೆಂದು ಹೇಳತೊಡಗಿದೆ. ಮಾಲಕರು ಪೂರ್ತಿ ಕೇಳಿಸಿಕೊಂಡು, "ಗೌಂಡ್ಯಾರ, ಇಟ್ಟಂಗಿ ಇಲ್ದ ಗ್ವಾಡಿ ಕಟ್ತೀರೇನು ನೀವು? ಎದುರಿಗೆ ಮುಖ ಇಲ್ದ ನಾ ಎಲ್ಲಿಂದ ತಗೀಲಿರಿ?" ಎಂದರು.

ದಾರಿ ತೋರಿಸಿದವಳು ಬ್ಯಾಡಗಿಯ ಅತ್ತೆ, ಹೆಂಡತಿಯ ತಾಯಿ. ಅಕ್ಕತಂಗಿಯರದು ಒಂದೇ ಎರಕ, ತಂಗಿಯನ್ನು ಕೂಡಿಸಿರಿ ಎಂದಳು. ತಂಗಿ ಅಕ್ಕನ ಹಸಿರು ಇಳಕಲ್ ಸೀರೆ ಉಟ್ಟು, ಅಕ್ಕನಂತೆಯೇ ಬೈತಲೆ ತೆಗೆದು ಕ್ಯಾಮೆರಾದ ಮುಂದೆ ಕುಳಿತಳು. ಸೀರೆಯಲ್ಲಿ ಇನ್ನೂ ಅಕ್ಕನ ವಾಸನೆ ಇತ್ತೋ ಏನೋ, ಸೆರಗು ಮೂಗಿಗೆ ಹಿಡಿದು ಅತ್ತಳು. ಅಕ್ಕನಿಗಿದ್ದ ಗದ್ದದ ಮಚ್ಚೆಯನ್ನು ಮಾಲಕರು ಆಮೇಲೆ ಕುಂಚದಿಂದ ಇಟ್ಟರು.

ಕಟ್ಟು ಹಾಕಿಸಿ, ಹಾರ ಹಾಕಿ ನಡುಮನೆಯಲ್ಲಿ ತೂಗಿದೆ. ಮಗಳು ಬೆಳೆದದ್ದೇ ಅದರ ಎದುರು. ಬೈದರೆ, ಅವ್ವನಿಗೆ ಹೇಳುತ್ತೇನೆಂದು ನನ್ನನ್ನೇ ಹೆದರಿಸುತ್ತಿದ್ದಳು. ಫೋಟೋಕ್ಕೆ ಕುಳಿತಿದ್ದ ಚಿಗವ್ವ ಬಂದರಂತೂ ಗೋಡೆಯನ್ನೂ ಅವಳನ್ನೂ ನೋಡುತ್ತ, ಅವ್ವಾ ಎನ್ನುತ್ತ ಮಡಿಲು ಬಿಡುತ್ತಿರಲಿಲ್ಲ.

ಆ ತಂಗಿಗೆ ಹಾವೇರಿ ಕಡೆಯಿಂದ ಸಂಬಂಧ ಬಂತು. ವರನ ತಂದೆ ಮನೆತನ ವಿಚಾರಿಸುತ್ತ, ಹಿರಿಯ ಅಳಿಯನೆಂದು ನನ್ನ ಮನೆಗೂ ಬಂದರು. ಚಹಾ ಹಿಡಿದವರು ಗೋಡೆ ನೋಡಿದರು. ಬ್ಯಾಡಗಿಯಲ್ಲಿ ನೋಡಿ ಒಪ್ಪಿ ಬಂದ ಹುಡುಗಿ ಇಲ್ಲಿ ಹಾರ ಹಾಕಿಸಿಕೊಂಡು ಕುಳಿತಿದ್ದಳು. ನಾನು ಎಲ್ಲ ಬಿಡಿಸಿ ಹೇಳಿದೆ. ಅವರು ಚಹಾ ಕುಡಿಯದೆ ಎದ್ದರು.

ಮರುದಿನ ಅತ್ತೆ ಬಂದಳು. "ಜೀವಂತ ಹುಡುಗಿಗೆ ಹಾರ ಹಾಕ್ಯಾರ, ಅದನ್ನ ತಗದ್ರ ಮುಂದಿನ ಮಾತು ಅಂದಾರ. ಕೊಡ್ರಿ ಅಳಿಯಾರ."

"ಕೂಸಿಗೆ ಏನ್ ಹೇಳ್ಲಿ ಅತ್ತಿ?"

"ಒಬ್ಬಾಕಿ ಅಂತೂ ಹೋದ್ಲು. ಇನ್ನೊಬ್ಬಾಕಿ ಆದ್ರೂ ಬಾಳೇ ಮಾಡ್ಲಿ."

ಇಬ್ಬರನ್ನೂ ಹೆತ್ತವಳು ಅವಳು. ಕಟ್ಟು ಇಳಿಸಿ, ಗಾಜಿನ ಮೇಲಿನ ಕುಂಕುಮ ಒರೆಸಿ ಕೊಟ್ಟೆ. ಸೆರಗಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಬಸ್ ಹತ್ತಿದಳು.

ಮಗಳು ಶಾಲೆಯಿಂದ ಬಂದು ಬರಿಗೋಡೆ ನೋಡಿ, "ಅವ್ವ ಎಲ್ಲಿ ಹೋಗ್ಯಾಳ?" ಎಂದಳು. ಅವಳ ಪಾಲಿಗೆ ತಾಯಿ ಸತ್ತದ್ದು ಆ ದಿನ.

ಮದುವೆಗೆ ನಾವಿಬ್ಬರೂ ಹೋಗಲಿಲ್ಲ. ತುಂಬಿದ ಚಪ್ಪರದಲ್ಲಿ ಮದುಮಗಳನ್ನು ಕಂಡು ಕೂಸು ಅವ್ವಾ ಎಂದರೆ ಏನು ಮಾಡುವುದು?

ಈಗ ಮಗಳಿಗೂ ಮಕ್ಕಳಾಗಿವೆ. ಅವ್ವ ಹೇಗಿದ್ದಳು ಎಂದು ಒಮ್ಮೊಮ್ಮೆ ಕೇಳುತ್ತಾಳೆ. ನಡಿಗೆ ಹೇಳುತ್ತೇನೆ, ನಕ್ಕರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದುದನ್ನು ಹೇಳುತ್ತೇನೆ. ಮುಖ ಹೇಳಲು ಹೋದರೆ ತಂಗಿಯದೇ ಎದ್ದು ಬರುತ್ತದೆ. ನನ್ನ ಹೆಂಡತಿಯ ಮುಖ ಎಷ್ಟೋ ವರ್ಷಗಳಿಂದ ನನಗೂ ಕಂಡಿಲ್ಲ.