ನಾವು ಕೈ ಮುಗಿದ ನಡುಕ

ಕೋಡಂಬಾಕ್ಕಂನ ಅಕ್ಕನ ಮನೆಯಲ್ಲಿ ಬೆಳಗಿನ ಪೂಜೆಗೆ ಕುಳಿತಿದ್ದ ಭಾವ ಇದ್ದಕ್ಕಿದ್ದಂತೆ ನಡುಗತೊಡಗಿದರು. ಅಯ್ಯಪ್ಪನ ಮಾಲೆ ಹಾಕಿ ಅಂದಿಗೆ ಮೂರನೆಯ ದಿನ. ಮೈಯೆಲ್ಲ ಬೆವರು. ಖಾಲಿ ಗೋಡೆಯತ್ತ ಕೈ ತೋರಿಸಿ ಯಾರನ್ನೋ ಮಾತನಾಡಿಸುತ್ತಿದ್ದರು.

"ದೇವ್ರು ಮೈಮೇಲೆ ಬಂದದ್ದು. ಎಲ್ಲ ಕೈ ಮುಗೀರಿ," ಎಂದು ಅಕ್ಕ ಕರ್ಪೂರ ಹಚ್ಚಿದಳು. ಶರಣಂ ಅಯ್ಯಪ್ಪ ಎಂದು ನಾವೆಲ್ಲ ಕೂಗಿದೆವು. ಅವಳ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ. ಹೋಟೆಲಿನಲ್ಲಿ ದೋಸೆ ಹುಯ್ಯಲು ನಿಲ್ಲಬೇಕಾದರೂ ಬೆಳಿಗ್ಗೆಯೇ ಕುಡಿಯಬೇಕಾಗಿದ್ದ ಮನುಷ್ಯ, ಮಾಲೆ ಹಾಕಿದ ಗಳಿಗೆಯಿಂದ ಒಂದು ತೊಟ್ಟೂ ಮುಟ್ಟಿರಲಿಲ್ಲ. ಇಷ್ಟು ವರ್ಷ ಅವಳ ಕಣ್ಣೀರಿಗೆ ಬಗ್ಗದವರು ದೇವರಿಗಾದರೂ ಬಗ್ಗಿದರಲ್ಲ ಎಂದು ನಮಗೂ ಸಮಾಧಾನವಾಗಿತ್ತು.

ಕರ್ಪೂರ ಆರುವ ಮೊದಲೇ ಅವರು ಹಿಂದಕ್ಕೆ ಬಿದ್ದರು. ಫಿಟ್ಸ್ ಬಂದಿತ್ತು. ಆಟೋದಲ್ಲಿ ಮತ್ತೆ ಮತ್ತೆ ಬಂತು.

ಆಸ್ಪತ್ರೆಯಲ್ಲಿ ಡಾಕ್ಟರು ಅಕ್ಕನಿಗೆ ತಮಿಳಿನಲ್ಲಿ ಮೆಲ್ಲಗೆ ಹೇಳಿದರು: "ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಹೀಗೂ ಆಗುತ್ತದಮ್ಮಾ. ಬಿಡಲೇಬೇಕಿತ್ತು. ಆದರೆ ನಮ್ಮ ಹತ್ತಿರ ಬಂದು, ಔಷಧಿ ತೆಗೆದುಕೊಂಡು ಬಿಡಬೇಕಿತ್ತು."

ಸಂಜೆಗೆ ಭಾವ ಹೋದರು. ನರ್ಸ್ ಒಬ್ಬರು ಕೊರಳಿನ ಮಾಲೆ ತೆಗೆದು ಅಕ್ಕನ ಕೈಗಿಟ್ಟರು.

ಕುಡಿದು ಕುಡಿದೇ ಸತ್ತ ಎಂದು ನೆಂಟರು ಇಂದಿಗೂ ಆಡಿಕೊಳ್ಳುತ್ತಾರೆ. ಬಿಡಲು ಹೋಗಿ ಸತ್ತರು ಎಂದು ಯಾರಿಗೆ ಹೇಳುವುದು? ಅಕ್ಕ ಈಗಲೂ ದಿನವೂ ದೇವರಿಗೆ ದೀಪ ಇಡುತ್ತಾಳೆ. ಕರ್ಪೂರ ಮಾತ್ರ ಹಚ್ಚುವುದಿಲ್ಲ.