ಮರೆವ್ವ ಕೊಂಡ ಕ್ರೂಸರ್

ಮರೆವ್ವ ಕ್ರೂಸರ್ ಕೊಂಡಿದ್ದಾಳೆ ಎಂಬ ಸುದ್ದಿ ಬೆಂಗಳೂರಿನ ಲಗ್ಗೆರೆಯ ಆ ವಠಾರದಲ್ಲಿ ಹಬ್ಬಿದಾಗ ಎಲ್ಲರೂ ಅದನ್ನು ಗಾಡಿಯೆಂದೇ ತಿಳಿದರು. ಬಾಗಲಕೋಟೆ, ರಾಯಚೂರು ಕಡೆಯಿಂದ ಬಂದು ಬಾಡಿಗೆಗಿದ್ದ ಹತ್ತು ಮನೆಯವರಿಗೆ ಕ್ರೂಸರ್ ಎಂದರೆ ಮದುವೆ ದಿಬ್ಬಣಕ್ಕೆ ಹದಿನೈದು ಜನರನ್ನು ತುಂಬಿಕೊಂಡು ಓಡುವ ಜೀಪು. ಯಾವ ಬಣ್ಣ, ಡ್ರೈವರ್ ಯಾರು ಎಂದು ಕೇಳುತ್ತ ಬಂದವರಿಗೆ ಮರೆವ್ವನ ಗಂಡ ಸಂಗಣ್ಣ ಮೊಬೈಲಿನಲ್ಲಿ ಚಿತ್ರ ತೋರಿಸಿದ. ಬಿಳಿ ಮೈ, ನೀಲಿ ಪಟ್ಟೆ, ಮೂವತ್ತೆರಡು ಅಡಿ ಉದ್ದ, ಹದಿನಾರು ಜನ ಕೂರುವ ಗಾಜಿನ ಕ್ಯಾಬಿನ್ನು. ನೀರಿನ ಮೇಲೆ ಓಡುವ ಮೋಟಾರ್ ಕ್ರೂಸರ್. ಬೀದಿ ನಲ್ಲಿಯಲ್ಲೇ ಮೂರು ದಿನಕ್ಕೊಮ್ಮೆ ನೀರು ಬರುವ ಊರಿನಲ್ಲಿ ದೋಣಿ ಯಾರಿಗೆ ಬೇಕು ಎಂದು ನಕ್ಕವರೂ ಇದ್ದರು.

ದೋಣಿ ಬೇಕಾಗಿದ್ದದ್ದು ಲಗ್ಗೆರೆಗಲ್ಲ. ಆಲಮಟ್ಟಿ ಹಿನ್ನೀರಿನ ಅಂಚಿನಲ್ಲಿದ್ದ ಮರೆವ್ವನ ತವರೂರಿಗೆ. ಅವಳ ಅಪ್ಪ ಅಲ್ಲಿ ಹುಟ್ಟು ಹಾಕುತ್ತಿದ್ದ ಅಂಬಿಗ. ಅವನ ನಂತರ ತಮ್ಮ ಮುತ್ತು ತಗಡಿನ ದೋಣಿಗೆ ಡೀಸೆಲ್ ಎಂಜಿನ್ ಕಟ್ಟಿಕೊಂಡು ಜನರನ್ನು ಆಚೆ ದಡಕ್ಕೆ ಮುಟ್ಟಿಸುತ್ತಿದ್ದ. ರಸ್ತೆ ಹಿಡಿದು ಹೋದರೆ ನಲವತ್ತು ಕಿಲೋಮೀಟರ್ ಸುತ್ತು, ನೀರಿನ ಮೇಲೆ ಅರ್ಧ ಗಂಟೆ. ಹೈಸ್ಕೂಲು ಆಚೆ ದಡದಲ್ಲಿತ್ತು, ದವಾಖಾನೆಯೂ ಅಲ್ಲೇ.

ಹಿಂದಿನ ವರ್ಷ ನಾಗರಪಂಚಮಿಗೆ ಊರಿಗೆ ಹೋಗಿದ್ದ ಮರೆವ್ವ ಅದೇ ತಗಡಿನ ದೋಣಿಯಲ್ಲಿ ಕೂತಿದ್ದಳು. ಅವಳೊಂದಿಗೆ ಇಪ್ಪತ್ತು ಜನ, ಅದರಲ್ಲಿ ಎಂಟು ಶಾಲೆಯ ಮಕ್ಕಳು. ನಡುನೀರಿನಲ್ಲಿ ತಳದ ಬೆಸುಗೆ ಬಿಟ್ಟಿತು. ಮುತ್ತು ಸೀಳಿನ ಮೇಲೆ ಕಾಲೊತ್ತಿ ನಿಂತು ಚುಕ್ಕಾಣಿ ಹಿಡಿದ. ಮಕ್ಕಳು ಊಟದ ಡಬ್ಬಿಗಳಿಂದ ನೀರು ಮೊಗೆದರು. ಮರೆವ್ವ ತನ್ನ ಸೆರಗು ಹರಿದು ಸೀಳಿಗೆ ತುರುಕಿದಳು. ದಡ ಸೇರುವಾಗ ಮೊಳಕಾಲುದ್ದ ನೀರಿತ್ತು. ಯಾರೂ ಸಾಯಲಿಲ್ಲ, ಹಾಗಾಗಿ ಅದು ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಇಳಿದ ಮೇಲೆ ಒಬ್ಬ ಹುಡುಗಿ, ನಾಳೆ ದೋಣಿ ಎಷ್ಟು ಹೊತ್ತಿಗೆ ಬಿಡುತ್ತದೆ ಎಂದು ಮುತ್ತುವನ್ನು ಕೇಳಿದಳಂತೆ. ಆ ಮಾತು ಮರೆವ್ವನ ನಿದ್ದೆ ಕೆಡಿಸಿತು. ಅಪ್ಪನ ಹೊಲ ಹಿನ್ನೀರಿನಲ್ಲಿ ಮುಳುಗಿದ್ದಕ್ಕೆ ಬಂದಿದ್ದ ಪರಿಹಾರ ಅಕ್ಕತಮ್ಮನ ಹೆಸರಿನಲ್ಲಿ ಬ್ಯಾಂಕಿನಲ್ಲಿತ್ತು. ಅದರಲ್ಲಿ ದೋಣಿಯನ್ನೇ ಕೊಳ್ಳಬೇಕೆಂದು ಹಟ ಹಿಡಿದವಳು ಅವಳು. ಚಾವಣಿ, ಕಿಟಕಿ ಇರುವ ಕ್ರೂಸರನ್ನೇ ತೆಗೆದುಕೊಂಡರೆ ವಾರದ ದಿನ ಊರವರಿಗೂ ರಜೆಯ ದಿನ ಹಕ್ಕಿ ನೋಡಲು ಬರುವ ಪ್ರವಾಸಿಗರಿಗೂ ಆಗುತ್ತದೆ ಎಂದು ಲೆಕ್ಕ ಹಾಕಿದವನು ಮುತ್ತು.

ಮರೆವ್ವನಿಗೆ ದೋಣಿಯ ಬಗ್ಗೆ ಹೆಚ್ಚು ತಿಳಿದಿರಲಿಲ್ಲ, ಆದರೆ ದೋಣಿಯನ್ನು ಯಾವುದರಿಂದ ಮಾಡುತ್ತಾರೋ ಅದರ ಬಗ್ಗೆ ತಿಳಿದಿತ್ತು. ಪೀಣ್ಯದಲ್ಲಿ ನಂಜಪ್ಪನವರ ಫೈಬರ್ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಅವಳ ಕೆಲಸ. ಗಾಜಿನ ನೂಲಿನ ಚಾಪೆಯನ್ನು ಅಚ್ಚಿನ ಮೇಲೆ ಹಾಸುವುದು, ಮೇಲೆ ರಾಳ ಸುರಿದು ರೋಲರ್‌ನಿಂದ ಒತ್ತುವುದು, ಪದರದ ಮೇಲೆ ಪದರ ಕೂರಿಸುವುದು. ನೀರಿನ ತೊಟ್ಟಿ, ಬಸ್ಸಿನ ಸೀಟು, ಕಾವಲುಗಾರರ ಗೂಡು ಎಲ್ಲವೂ ಅವಳ ಕೈ ದಾಟಿಯೇ ಹೋಗಿದ್ದವು. ಗಾಜಿನ ಚೂರು ಹೊಕ್ಕು ಹೊಕ್ಕು ಅವಳ ಮುಂಗೈ ಸದಾ ಕೆರೆಯುತ್ತಿತ್ತು. ಕಣ್ಣಿಗೆ ಕಾಣದ ತಪ್ಪು ಅವಳ ಕಿವಿಗೆ ಸಿಗುತ್ತದೆ ಎಂದು ನಂಜಪ್ಪ ಗಿರಾಕಿಗಳೆದುರು ಹೇಳುತ್ತಿದ್ದರು. ನಾಣ್ಯದಿಂದ ಬಡಿದಾಗ ಗಟ್ಟಿ ಕೂತ ಫೈಬರ್ ಟಣ್ ಎನ್ನುತ್ತದೆ, ಒಳಗೆ ಪದರ ಬಿಟ್ಟಿದ್ದರೆ ಸದ್ದು ಸತ್ತುಹೋಗುತ್ತದೆ. ಅವಳು ಬೇಡವೆಂದ ತೊಟ್ಟಿ ಆ ಕಾರ್ಖಾನೆಯಿಂದ ಹೊರಗೆ ಹೋಗುತ್ತಿರಲಿಲ್ಲ.

ದೋಣಿ ಮಾರಿದವರ ಅಂಗಡಿಯೂ ಪೀಣ್ಯದಲ್ಲೇ ಇತ್ತು. ಕೇರಳದ ಕರಾವಳಿಯ ಒಂದು ಚಿಕ್ಕ ಹಡಗುಕಟ್ಟೆಯಲ್ಲಿ ದೋಣಿ ಕಟ್ಟಿಸಿ ತಂದು, ಇಲ್ಲಿ ಗಿರಾಕಿಯಿಂದ ಸಹಿ ಪಡೆದು, ಅದೇ ಟ್ರೈಲರಿನಲ್ಲಿ ಊರಿಗೆ ಕಳಿಸುವುದು ಒಪ್ಪಂದ. ಮ್ಯಾನೇಜರ್ ರಾಜೇಂದ್ರ ನಯವಾದ ಮನುಷ್ಯ. ಡಿಸೆಂಬರ್ ಹತ್ತಕ್ಕೆ ಬರುತ್ತದೆ ಎಂದಿದ್ದ. ಹತ್ತಕ್ಕೆ ಫೋನು ಮಾಡಿದರೆ ಎಂಜಿನ್ ಬಂದಿಲ್ಲ ಎಂದ. ಕ್ರಿಸ್‌ಮಸ್ ಕಳೆದ ಮೇಲೆ ಕೆಲಸದವರು ರಜೆಯಲ್ಲಿದ್ದಾರೆ ಎಂದ. ಸಂಕ್ರಾಂತಿಯ ಹೊತ್ತಿಗೆ ಟ್ರೈಲರ್ ಸಿಕ್ಕಿಲ್ಲ ಎಂದ. ಆಮೇಲೆ ಒಂದು ವಾರ ಫೋನನ್ನೇ ಎತ್ತಲಿಲ್ಲ. ಮರೆವ್ವ ಶಿಫ್ಟ್ ಮುಗಿಸಿ ಮನೆಗೆ ಹೋಗುವಾಗ ಸುತ್ತು ಹಾಕಿ ಅವನ ಶೆಡ್ಡಿನ ಗೇಟಿನಲ್ಲಿ ಇಣುಕಿ ಹೋಗುತ್ತಿದ್ದಳು. ಒಳಗೆ ಖಾಲಿ ಅಂಗಳ.

ಅತ್ತ ಮುತ್ತು ದಿನವೂ ಕರೆ ಮಾಡುತ್ತಿದ್ದ. ಹಿನ್ನೀರು ಬೇಸಿಗೆಯತ್ತ ಇಳಿಯುತ್ತಿತ್ತು. ಅವನು ದಡದಲ್ಲಿ ಗೂಟ ಹೊಡೆದು ಗುರುತು ಇಟ್ಟಿದ್ದ. ನಿನ್ನೆಗಿಂತ ಒಂದು ಗೇಣು ಹಿಂದೆ ಸರಿದಿದೆ, ಇವತ್ತು ಮತ್ತೊಂದು ಗೇಣು. ತೀರ ಕೆಳಗಿಳಿದರೆ ಭಾರದ ದೋಣಿಯನ್ನು ಕೆಸರು ದಾಟಿಸಿ ನೀರಿಗೆ ಇಳಿಸುವುದಾಗುವುದಿಲ್ಲ. ಪರವಾನಗಿಗೆ ದೋಣಿ ಪರೀಕ್ಷಿಸುವ ಅಧಿಕಾರಿ ಜನವರಿ ಕೊನೆಯ ಶುಕ್ರವಾರ ಆ ದಂಡೆಗೆ ಬರುವವರಿದ್ದರು. ಅದು ತಪ್ಪಿದರೆ ಅವರು ಮತ್ತೆ ಬರುವುದು ಮಳೆಗಾಲ ಕಳೆದ ಮೇಲೆ.

ಆ ವಾರದ ಬುಧವಾರ ಬೆಳಿಗ್ಗೆ ಹತ್ತಕ್ಕೆ ರಾಜೇಂದ್ರನ ಫೋನು ಬಂತು. ಟ್ರೈಲರ್ ನೈಸ್ ರಸ್ತೆ ಇಳಿದಿದೆ, ಬನ್ನಿ ಎಂದ. ಮರೆವ್ವ ರಾಳದ ಕೈಯನ್ನು ಒರೆಸಿಕೊಂಡು ಹೊರಟಳು. ಸಂಗಣ್ಣ ತೆಂಗಿನಕಾಯಿ, ಹೂವಿನ ಹಾರ ಹಿಡಿದು ಬಂದ. ಜೊತೆಗೆ ಕೆಲಸ ಮಾಡುವ ಶೈಲಾಳೂ ನೋಡುವ ಆಸೆಗೆ ಅರ್ಧ ದಿನ ರಜೆ ಹಾಕಿದಳು.

ದೋಣಿ ಚಿತ್ರದಲ್ಲಿದ್ದುದಕ್ಕಿಂತ ಚೆಂದವಿತ್ತು. ಟ್ರೈಲರಿನ ಮೇಲೆ ಅದು ಶೆಡ್ಡಿನ ಮಾಡಿಗಿಂತ ಎತ್ತರ ಕಂಡಿತು. ಸಂಗಣ್ಣ ಏಣಿ ಹತ್ತಿ ಕ್ಯಾಬಿನ್ನಿನ ಸೀಟಿನಲ್ಲಿ ಕೂತು ಮುತ್ತುವಿಗೆ ವಿಡಿಯೊ ಕರೆ ಮಾಡಿದ. ಊರಿನ ಕಡೆಯಿಂದ ಹತ್ತಾರು ಮುಖಗಳು ಪರದೆಯಲ್ಲಿ ತುಂಬಿಕೊಂಡವು. ರಾಜೇಂದ್ರ ಕಾಗದಗಳನ್ನು ತಂದು, ಮಧ್ಯಾಹ್ನ ಎರಡರೊಳಗೆ ಹೊರಟರೆ ನಾಳೆ ಸಂಜೆಗೆ ಊರು ಸೇರುತ್ತದೆ ಎಂದ. ಸಹಿಯೊಂದೇ ಬಾಕಿ.

ಮರೆವ್ವ ಮೊದಲು ಒಂದು ಸುತ್ತು ನೋಡುತ್ತೇನೆ ಎಂದಳು. ಚೀಲದಿಂದ ಐದು ರೂಪಾಯಿ ನಾಣ್ಯ ತೆಗೆದು ದೋಣಿಯ ಮೂತಿಯಿಂದ ಶುರುಮಾಡಿ ಬಡಿಯುತ್ತ ಬಂದಳು. ಟಣ್, ಟಣ್, ಟಣ್. ಎಡಮಗ್ಗುಲು ಪೂರ್ತಿ ಹಾಗೇ ಬಂತು. ಹಿಂಭಾಗ ಸುತ್ತಿ ಬಲಮಗ್ಗುಲಿಗೆ ಬಂದು, ಎಂಜಿನ್ ಕೂತ ಜಾಗದ ಹತ್ತಿರ ತಳಕ್ಕೆ ಕೈ ಚಾಚಿ ಬಡಿದಳು. ಸದ್ದು ನುಂಗಿದಂತಾಯಿತು. ಮತ್ತೆ ಬಡಿದಳು. ಒಂದು ಗೇಣು ಆಚೆ ಟಣ್, ಇಲ್ಲಿ ಏನೂ ಇಲ್ಲ. ಶೈಲಾಳ ಕೈಗೆ ನಾಣ್ಯ ಕೊಟ್ಟು ಬಡಿಯಲು ಹೇಳಿದಳು. ಶೈಲಾ ಬಡಿದಾಗಲೂ ಅದೇ ಸತ್ತ ಸದ್ದು. ಮರೆವ್ವ ಸೀಮೆಸುಣ್ಣದಿಂದ ಗುರುತು ಮಾಡುತ್ತ ಹೋದಳು. ಅಗಲ ಎರಡು ಗೇಣು, ಉದ್ದ ಒಂದು ಮಾರು. ಬಣ್ಣ ಮಾತ್ರ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ರಾಜೇಂದ್ರ ನಕ್ಕ. ಒಳಗೆ ಎಂಜಿನ್ನಿಗೆ ಆಧಾರದ ಮರ ಇದೆ, ಅದಕ್ಕೇ ಸದ್ದು ಬೇರೆ ಎಂದ. ಎಡಗಡೆಯೂ ಅದೇ ಮರ ಇದೆಯಲ್ಲ ಎಂದು ಮರೆವ್ವ ಕೇಳಿದಳು. ಅವನು ಕಟ್ಟೆಯವರಿಗೆ ಫೋನು ಮಾಡಿ ಮಲಯಾಳದಲ್ಲಿ ಮಾತಾಡಿದ. ಎಲ್ಲ ಸರಿಯಿದೆಯಂತೆ ಎಂದು ತಿಳಿಸಿದ. ಗಂಟೆ ಹನ್ನೆರಡಾಗಿತ್ತು.

ಮುತ್ತುವಿಗೆ ಹೇಳಲೇಬೇಕಾಯಿತು. ಅವನು ಮೊದಲು ನಂಬಲಿಲ್ಲ, ಆಮೇಲೆ ಸಿಟ್ಟಾದ. ದೋಣಿ ನಿಲ್ಲುವ ದಡದಲ್ಲಿ ಜೆಸಿಬಿ ತರಿಸಿ ಇಳಿಜಾರು ಕಡಿಸಿದ್ದ. ಊರವರು ದುಡ್ಡು ಹಾಕಿ ಪೂಜೆಗೆ ಏರ್ಪಾಡು ಮಾಡಿದ್ದರು.

“ಅಕ್ಕಾ, ನೀರು ನಿಂಗ ಕಾಯೂದಿಲ್ಲ,” ಎಂದ. “ಸಾಹೇಬ್ರು ಶುಕ್ರವಾರ ಬರ್ತಾರ. ಸಹಿ ಮಾಡಿ ಕಳಿಸು. ಏನರ ಇದ್ರ ಇಲ್ಲೇ ರಿಪೇರಿ ಮಾಡ್ಕೊಂತೀನಿ.”

“ನೀರಿಗಿಳಿದ ಮ್ಯಾಲ ಆ ಜಾಗಾಕ್ಕ ಕೈ ಹೋಗೂದಿಲ್ಲೋ ತಮ್ಮಾ.”

“ನಿನ್ನ ಕಿವಿಯಾಗ ಕೇಳಿದ್ದು ಅಷ್ಟ ಅಲ್ಲೇನು. ಕಣ್ಣೀಲೆ ನೋಡಿಯೇನು?”

ನೋಡಿರಲಿಲ್ಲ. ಅದೇ ಅವಳನ್ನು ಕುಟುಕಿದ್ದು. ತೊಟ್ಟಿಯ ಗೋಡೆಗಿಂತ ದೋಣಿಯ ತಳ ಮೂರು ಪಟ್ಟು ದಪ್ಪ. ಅಂಥ ದಪ್ಪದಲ್ಲಿ ಸದ್ದು ಹೀಗೂ ಬರಬಹುದೇನೋ. ಹತ್ತೊಂಬತ್ತು ವರ್ಷದಲ್ಲಿ ಅವಳು ಒಂದು ದೋಣಿಯನ್ನೂ ಮಾಡಿರಲಿಲ್ಲ. ಸಂಗಣ್ಣ ಹಾರ ಹಿಡಿದುಕೊಂಡೇ ನಿಂತಿದ್ದ.

ಹಾಗಾದರೆ ಅಲ್ಲಿ ಉಜ್ಜಿ ನೋಡೋಣ ಎಂದಳು ಮರೆವ್ವ. ಗ್ರೈಂಡರಿನಿಂದ ಒಂದಂಗೈ ಜಾಗ ಕೆರೆದರೆ ಪದರ ಗಟ್ಟಿಯೋ ಪೊಳ್ಳೋ ಕಣ್ಣಿಗೇ ಕಾಣುತ್ತದೆ. ರಾಜೇಂದ್ರನ ನಗು ನಿಂತಿತು.

“ಮೇಡಂ, ಹೊಸ ಬೋಟ್ ಕಣ್ರೀ ಅದು. ಉಜ್ಜಿದ ಮೇಲೆ ಒಳಗೆ ಸರಿಯಾಗೇ ಇದ್ರೆ? ವಾರಂಟಿ ಹೋಗುತ್ತೆ, ವಾಪಸ್ ತಗೊಳಲ್ಲ. ಹಾಗಂತ ಬರ್ಕೊಡ್ತೀರಾ?”

ಬಹುಶಃ ಅವಳು ಹೆದರಿ ಸುಮ್ಮನಾಗುತ್ತಾಳೆಂದು ಅವನು ಎಣಿಸಿದ್ದ. ಮರೆವ್ವ ಕಾಗದ ಕೇಳಿದಳು. ಒಳಗೆ ತಪ್ಪಿಲ್ಲದಿದ್ದರೆ ದೋಣಿ ಹೇಗಿದೆಯೋ ಹಾಗೆ ನನ್ನದು, ಮುಂದೆ ಯಾವ ತಕರಾರೂ ಇಲ್ಲ. ತಪ್ಪಿದ್ದರೆ ಹೊಸ ದೋಣಿ ಕೊಡಬೇಕು, ತೇಪೆ ಹಾಕಿದ್ದಲ್ಲ. ಎರಡನ್ನೂ ಶೈಲಾಳ ಕೈಯಿಂದ ಬರೆಸಿ, ತಾನು ಸಹಿ ಮಾಡಿ, ರಾಜೇಂದ್ರನ ಮುಂದಿಟ್ಟಳು. ಅವನು ಹೊರಗೆ ಹೋಗಿ ಹತ್ತು ನಿಮಿಷ ಫೋನಿನಲ್ಲಿ ಮಾತಾಡಿ ಬಂದು ಸಹಿ ಹಾಕಿದ. ಅವನಿಗೂ ದೋಣಿ ಸರಿಯಿದೆ ಎಂಬ ನಂಬಿಕೆಯೇ ಇತ್ತೆಂದು ಅವಳಿಗೆ ಆಗ ಅನ್ನಿಸಿತು. ಅದು ಇನ್ನಷ್ಟು ದಿಗಿಲು ಹುಟ್ಟಿಸಿತು.

ನಂಜಪ್ಪನವರ ಕಾರ್ಖಾನೆಯಿಂದ ಗ್ರೈಂಡರ್ ಬಂತು. ಮರೆವ್ವ ಮೂಗಿಗೆ ಬಟ್ಟೆ ಕಟ್ಟಿ, ಕನ್ನಡಕ ಹಾಕಿಕೊಂಡು, ಟ್ರೈಲರಿನ ಕೆಳಗೆ ಗೋಣಿ ಹಾಸಿ ಮಲಗಿದಳು. ಗುರುತಿನ ನಡುವೆ ಚಕ್ರ ಇಟ್ಟಳು. ಬಿಳಿ ಬಣ್ಣ ಪುಡಿಯಾಗಿ ಅವಳ ಮುಖದ ಮೇಲೆ ಉದುರಿತು. ಕೆಳಗೆ ಮೊದಲ ಪದರ ಕಂಡಿತು. ತಿಳಿಹಸಿರು, ಗಾಜಿನಂತೆ ಪಾರದರ್ಶಕ. ಗಟ್ಟಿಯಾಗಿತ್ತು. ಅವಳು ನಿಲ್ಲಿಸಿ ಬೆರಳಿನಿಂದ ಸವರಿದಳು. ಇಷ್ಟು ಒಳ್ಳೆಯ ಕೆಲಸ ಅವಳ ಕೈಯಲ್ಲೂ ದಿನಾ ಬರುತ್ತಿರಲಿಲ್ಲ.

ಎರಡನೆಯ ಪದರವೂ ಹಾಗೇ ಇತ್ತು. ರಾಜೇಂದ್ರ ಬಗ್ಗಿ ನೋಡಿ, ಸಾಕಲ್ವಾ ಮೇಡಂ ಎಂದ. ಅವನ ದನಿಯಲ್ಲಿ ಮರುಕವೂ ಇತ್ತು. ಮರೆವ್ವ ಲೆಕ್ಕ ಹಾಕಿದಳು. ಇನ್ನೂ ಒಳಗೆ ಹೋದರೆ ತಾನೇ ತೂತು ಮಾಡಿದಂತಾಗುತ್ತದೆ. ಅಲ್ಲಿಗೇ ಬಿಟ್ಟರೆ ತಾನೇ ಮುಚ್ಚಬಹುದು, ಎರಡು ಗಂಟೆಯ ಕೆಲಸ, ನಾಡಿದ್ದು ದೋಣಿ ಊರಿನಲ್ಲಿರುತ್ತದೆ. ಅವಳು ಕನ್ನಡಕದ ಮೇಲಿನ ಪುಡಿ ಒರೆಸಿಕೊಂಡಳು. ಆಮೇಲೆ ಮತ್ತೆ ಚಕ್ರ ಒತ್ತಿದಳು.

ಮೂರನೆಯ ಪದರಕ್ಕೆ ತಾಗಿದಾಗ ಚಕ್ರದ ಸದ್ದು ಬದಲಾಯಿತು. ಹಸಿರು ಪುಡಿಯ ಬದಲು ಬಿಳಿ ನೂಲು ಕಿತ್ತು ಬಂತು. ಅವಳು ನಿಲ್ಲಿಸಿ ಉಗುರಿನಿಂದ ಎಳೆದಳು. ರಾಳವನ್ನೇ ಕುಡಿಯದ ಒಣ ಗಾಜಿನ ನೂಲು, ಹತ್ತಿಯ ಹಾಗೆ ಬೆರಳಿಗೆ ಸುತ್ತಿಕೊಂಡಿತು. ಸಂದಿನಿಂದ ಒಂದು ಹನಿ ನೀರು ಅವಳ ಮಣಿಕಟ್ಟಿನ ಮೇಲೆ ಬಿತ್ತು, ಆಮೇಲೆ ಇನ್ನೊಂದು. ದಾರಿಯ ಮಳೆಯೋ ಕಟ್ಟೆಯ ಮಳೆಯೋ, ನೀರಿಗಿಳಿಯುವ ಮೊದಲೇ ನೀರು ಒಳಗೆ ಸೇರಿತ್ತು.

ಅವಳು ರಾಜೇಂದ್ರನನ್ನು ಕರೆದು ಅವನ ಬೆರಳಿನಿಂದಲೇ ಆ ನೂಲನ್ನು ಎಳೆಸಿದಳು. ಅವನ ಅಂಗಿಯ ಮೇಲೆಲ್ಲ ಬಿಳಿ ಪುಡಿ ಬಿತ್ತು. ಅವನು ಕುಕ್ಕರಗಾಲಿನಲ್ಲಿ ಕೂತು ಇನ್ನೊಂದು ಎಳೆ ಕಿತ್ತು ನೋಡಿದ.

“ಇದ್ರಾಗ ಹದಿನಾರು ಮಂದಿ ಕುಂದ್ರತಾರ್ರಿ,” ಎಂದಳು ಮರೆವ್ವ.

ಟ್ರೈಲರ್ ಎರಡು ಗಂಟೆಗೆ ಹೊರಟಿತು, ಬಂದ ದಾರಿಯಲ್ಲೇ. ಸಂಗಣ್ಣ ಹಾರವನ್ನು ಶೆಡ್ಡಿನ ಗಣಪತಿಯ ಪಟಕ್ಕೆ ಹಾಕಿದ. ಮರೆವ್ವ ಮುತ್ತುವಿಗೆ ಉಜ್ಜಿದ ಜಾಗದ ಚಿತ್ರ ಕಳಿಸಿದಳು. ಅವನು ನೋಡಿದ ಗುರುತು ಬಂತು. ಶುಕ್ರವಾರ ಅಧಿಕಾರಿ ಖಾಲಿ ದಂಡೆ ನೋಡಿ ಹೋದರೆಂದು ಊರಿನ ಬೇರೊಬ್ಬರಿಂದ ತಿಳಿಯಿತು. ಅಕ್ಕ ಕೈಗೆ ಬಂದದ್ದನ್ನು ಕಳೆದಳೆಂದು ಮುತ್ತು ಹೇಳಿಕೊಂಡು ತಿರುಗಿದ. ಎರಡು ತಿಂಗಳು ಫೋನು ಮಾಡಲಿಲ್ಲ. ಆದರೆ ತಗಡಿನ ದೋಣಿಗೆ ಎಂಟು ಜನಕ್ಕಿಂತ ಹೆಚ್ಚು ಹತ್ತಿಸುವುದನ್ನು ಅವನು ಅದೇ ವಾರದಿಂದ ಬಿಟ್ಟನಂತೆ. ಅದನ್ನು ಅವಳಿಗೆ ಹೇಳಿದವನೂ ಅವನಲ್ಲ.

ಏಪ್ರಿಲ್‌ನಲ್ಲಿ ರಾಜೇಂದ್ರ ತಾನೇ ಬಂದು, ಹೊಸ ದೋಣಿಯ ತಳ ಹಾಸುವ ದಿನ ಮರೆವ್ವ ಕಟ್ಟೆಗೆ ಬಂದು ನಿಂತರೆ ತನಗೂ ಒಳ್ಳೆಯದು ಎಂದ. ನಂಜಪ್ಪ ಹತ್ತು ದಿನ ರಜೆ ಕೊಟ್ಟರು. ಅವಳು ಹೊರಡುವ ಹಿಂದಿನ ದಿನ ಮುತ್ತು ಬೆಂಗಳೂರಿಗೆ ಬಂದ. ಬಾಗಿಲಲ್ಲಿ ನಿಂತು, ತಾನೂ ಬರುತ್ತೇನೆ ಎಂದ. ಭಾಷೆ ಬಾರದ ಆ ಊರಿನಲ್ಲಿ ಅಕ್ಕತಮ್ಮ ಒಂದೇ ಕೋಣೆಯಲ್ಲಿ ಅಡುಗೆ ಮಾಡಿಕೊಂಡು ಇದ್ದರು. ಒಂದೊಂದು ಪದರ ಹಾಸುವಾಗಲೂ ಮರೆವ್ವ ಪಕ್ಕದಲ್ಲಿ ನಿಂತಳು. ಮೂರನೆಯ ದಿನ ಕೆಲಸದವರು ಅವಳ ಕೈಗೇ ರೋಲರ್ ಕೊಟ್ಟರು.

ದೋಣಿ ಆಗಸ್ಟ್ ಹನ್ನೊಂದಕ್ಕೆ ಊರು ಸೇರಿತು. ಹಿನ್ನೀರು ತುಂಬಿ ಮುತ್ತುವಿನ ಗೂಟಗಳೆಲ್ಲ ಮುಳುಗಿದ್ದವು. ಪರವಾನಗಿ ಅಕ್ಟೋಬರ್‌ನಲ್ಲಿ ಸಿಕ್ಕಿತು, ಅಲ್ಲಿಯವರೆಗೆ ದೋಣಿಯನ್ನು ದಡದಲ್ಲೇ ಕಟ್ಟಿಹಾಕಿದ್ದರು. ಮೊದಲ ದಿನದ ಓಡಾಟಕ್ಕೆ ಮರೆವ್ವನಿಗೆ ಹೋಗಲಾಗಲಿಲ್ಲ. ಬಸ್ಸಿನ ಸೀಟುಗಳ ದೊಡ್ಡ ಆರ್ಡರ್ ಬಂದಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಮುತ್ತು ಕರೆ ಮಾಡಿ, ಎರಡು ಸಲ ಹೋಗಿಬಂದೆ, ಒಳಗೆ ತಳ ಒಣಗೇ ಇದೆ ಎಂದ. ಮಕ್ಕಳು ಎಷ್ಟು ಜನ ಹತ್ತಿದ್ದರು ಎಂದು ಅವಳು ಕೇಳಿದಳು. ಹದಿನಾಲ್ಕು ಎಂದು ಅವನು ಹೇಳಿದ.